ತಿಂಗಳು ತಪ್ಪಿದ ಆತಂಕಕ್ಕೆ ಮಾತು ಕೊಟ್ಟ ವೈದ್ಯೆ

ಗದಗ-ಬೆಟಗೇರಿಯ ನೇಕಾರರ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಕ್ಕಲು ಮನೆತನಗಳಲ್ಲಾಗಲಿ ಮುಟ್ಟನ್ನು ಮುಟ್ಟೆಂದೇ ಹೇಳುವವರು ಮೊದಲಿನಿಂದಲೂ ಕಡಿಮೆ. ಹೆಣ್ಣುಮಗಳು ಹೊರಗಾಗುತ್ತಾಳೆ, ಕಡೆಗೆ ಕೂಡುತ್ತಾಳೆ. ಆದರೆ ನಿರೀಕ್ಷಿಸಿದ ದಿನ ಬಂದುಹೋದರೂ ಆಕೆ ಹೊರಗಾಗದಿದ್ದಾಗ ಹುಟ್ಟುವ ಆತಂಕಕ್ಕೆ ಇಂಥ ಮರೆಮಾತು ಕೂಡ ಸಿಗುವುದಿಲ್ಲ. ಹೊಸ ಮದುವಣಗಿತ್ತಿಗೆ ಅದು ಸಂತಸದ ಸೂಚನೆಯಾಗಬಹುದು. ನಾಲ್ಕು ಮಕ್ಕಳ ತಾಯಿಗೆ, ಮದುವೆಯಾಗದ ಹುಡುಗಿಗೆ, ಮೊಲೆಯುಣ್ಣುವ ಕೂಸನ್ನು ಮಡಿಲಲ್ಲಿಟ್ಟುಕೊಂಡವಳಿಗೆ ಅದೇ ಸೂಚನೆ ನಿದ್ದೆಗೆಡಿಸುವ ಲೆಕ್ಕಾಚಾರವಾಗುತ್ತದೆ. ಈ ಲೆಕ್ಕವನ್ನು ಅವರು ಒಂಟಿಯಾಗಿ ಮಾಡಬೇಕಾಗಿಲ್ಲ ಎಂದು ಕನ್ನಡದಲ್ಲಿ, ಸಂಕೋಚವಿಲ್ಲದೆ, ಶಾಸ್ತ್ರೀಯವಾಗಿ ತಿಳಿಸಿದವರಲ್ಲಿ ಡಾ. ಅನುಪಮಾ ನಿರಂಜನ ಪ್ರಮುಖರು.

ಅವರು ಹುಟ್ಟಿದ್ದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಎಂಬುದು ಬರವಣಿಗೆಗೆ ಆರಿಸಿಕೊಂಡ ಹೆಸರು. ಕಾಲಕ್ರಮದಲ್ಲಿ ಅದೇ ಉಳಿಯಿತು. ಹೆಣ್ಣುಮಕ್ಕಳು ಪ್ರೌಢಶಾಲೆ ಮುಗಿಸುವುದೇ ದೊಡ್ಡದೆನಿಸಿದ್ದ ಕಾಲದಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯೆಯಾದರು. ಪ್ರಗತಿಶೀಲ ಲೇಖಕ ನಿರಂಜನರನ್ನು ಕೈಹಿಡಿದು, ಐವತ್ತರ ದಶಕದ ಉತ್ತರಾರ್ಧದಲ್ಲಿ ಧಾರವಾಡಕ್ಕೆ ಬಂದು ವೈದ್ಯವೃತ್ತಿ ನಡೆಸಿದರು. ಆಗ ಗದಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಮ್ಮ ತಾಲ್ಲೂಕುಗಳಿಗೆಲ್ಲ ಧಾರವಾಡವೇ ಜಿಲ್ಲಾ ಕೇಂದ್ರ. ಹಳೆಯ ಮೈಸೂರಿನಲ್ಲಿ ಕಲಿತ ವೈದ್ಯೆಯೊಬ್ಬರು ಏಕೀಕರಣಗೊಂಡ ರಾಜ್ಯದ ಉತ್ತರ ಭಾಗಕ್ಕೆ ಬಂದದ್ದು ಹೀಗೆ.

ಆ ಕಾಲದ ಸ್ಥಿತಿಯನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಮನೆಯಲ್ಲಿಯೇ ಮೂತ್ರದ ಹನಿಯಿಂದ ಗರ್ಭವನ್ನು ತಿಳಿಸುವ ಪಟ್ಟಿ ಆಗ ಇರಲಿಲ್ಲ. ದೊಡ್ಡ ನಗರಗಳ ಪ್ರಯೋಗಾಲಯಗಳು ಮೊಲ, ಕಪ್ಪೆಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದವು. ಹಳ್ಳಿಯ ಹೆಂಗಸಿಗೆ ಖಚಿತವಾಗಬೇಕಾದರೆ ಎರಡು ತಿಂಗಳು ಕಾಯಬೇಕು, ಬಳಿಕ ಸೂಲಗಿತ್ತಿಯನ್ನೋ ವೈದ್ಯರನ್ನೋ ಕಾಣಬೇಕು. ಗರ್ಭ ಬೇಡವೆನಿಸಿದರೆ ಕಾನೂನಿನ ದಾರಿಯೇ ಇರಲಿಲ್ಲ. ತಾಯಿಯ ಜೀವ ಉಳಿಸುವ ಸಂದರ್ಭದ ಹೊರತು ಗರ್ಭಪಾತ ಅಪರಾಧವಾಗಿತ್ತು; ಶಿಕ್ಷೆ ಆ ಹೆಂಗಸಿಗೂ ತಪ್ಪುತ್ತಿರಲಿಲ್ಲ. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬರುವವರೆಗೆ ಕಡ್ಡಿ, ಕಷಾಯ, ಗುಟ್ಟಿನ ಮದ್ದುಗಳೇ ಗತಿ. ಅವು ತೆಗೆದ ಪ್ರಾಣಗಳು ಯಾವ ದಾಖಲೆಯಲ್ಲಿಯೂ ನಿಜವಾದ ಕಾರಣದೊಂದಿಗೆ ನಮೂದಾಗಲಿಲ್ಲ.

ಚಿಕಿತ್ಸಾಲಯದ ಬಾಗಿಲಿಗೆ ಬರಬಲ್ಲವರು ಕೆಲವರು ಮಾತ್ರ. ಬರಲಾರದವರ ಮನೆಗೆ ಪುಸ್ತಕ ಹೋಗಬಲ್ಲದು. ಕಾದಂಬರಿಕಾರ್ತಿಯಾಗಿ ಹೆಸರು ಮಾಡಿದ ಅನುಪಮಾ ಈ ಕೆಲಸವನ್ನು ಕೀಳೆಂದು ಭಾವಿಸಲಿಲ್ಲ. ವಧುವಿಗೆ ಕಿವಿಮಾತು, ತಾಯಿ-ಮಗು, ದಾಂಪತ್ಯ ದೀಪಿಕೆ, ಕೇಳು ಕಿಶೋರಿ ಎಂಬ ಹೆಸರುಗಳೇ ಅವರು ಯಾರನ್ನು ಉದ್ದೇಶಿಸಿ ಬರೆದರೆಂಬುದನ್ನು ಹೇಳುತ್ತವೆ. ಮದುವೆಯ ಉಡುಗೊರೆಗಳ ನಡುವೆ ಸೇರಿ ಎಷ್ಟೋ ಮನೆಗಳಿಗೆ ಇಂಥ ಪುಸ್ತಕಗಳು ಹೋದವು. ಟ್ರಂಕಿನ ತಳದಲ್ಲಿ, ಸೀರೆಗಳ ಮಡಿಕೆಯಲ್ಲಿ ಉಳಿದವು.

ಅವರ ಸಾಹಿತ್ಯವೂ ಇದೇ ಚಿಂತೆಯಿಂದ ದೂರವಿರಲಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದ ಭಾರತವನ್ನು ನಮ್ಮ ಸೀಮೆ ಶತಮಾನಗಳಿಂದ ಕೇಳುತ್ತ ಬಂದಿದೆ. ಕರ್ಣನ ದಾನಶೀಲತೆಗೆ ತಲೆದೂಗಿದ ನಾವು, ಕೂಸನ್ನು ಗಂಗೆಯಲ್ಲಿ ಬಿಟ್ಟ ಕನ್ಯೆ ಕುಂತಿ ತಿಂಗಳುಗಟ್ಟಲೆ ಅನುಭವಿಸಿರಬಹುದಾದ ಭಯವನ್ನು ಎಣಿಕೆಗೆ ತೆಗೆದುಕೊಂಡವರಲ್ಲ. ಅನುಪಮಾ ವ್ಯಾಸಭಾರತದ ಇನ್ನೊಬ್ಬ ಹೆಣ್ಣನ್ನು ಎತ್ತಿಕೊಂಡು ಮಾಧವಿ ಕಾದಂಬರಿ ಬರೆದರು. ಗುರುದಕ್ಷಿಣೆಗಾಗಿ ಗಾಲವನಿಗೆ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳು ಬೇಕು. ಯಯಾತಿ ಮಗಳನ್ನೇ ಕೊಟ್ಟುಬಿಡುತ್ತಾನೆ. ಮೂವರು ಅರಸರು ತಲಾ 200 ಕುದುರೆ ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರನೇ ಅವಳಿಂದ ಮಗನನ್ನು ಪಡೆಯುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಓದಿದ ವಿನಿಮಯದ ಉದಾಹರಣೆಗಳಲ್ಲಿ ಇದರಷ್ಟು ನಿಷ್ಠುರವಾದದ್ದು ಇನ್ನೊಂದಿಲ್ಲ. ಬೆಲೆ ನಿಗದಿಯಾಗಿದೆ, ವ್ಯವಹಾರ ಮುಗಿದಿದೆ, ಬಸುರಾಗುವವಳನ್ನು ಮಾತ್ರ ಯಾರೂ ಕೇಳಿಲ್ಲ.

ಆ ಕೇಳದವರಲ್ಲಿ ನಾನೂ ಒಬ್ಬ. ಎಂಬತ್ತರ ದಶಕದ ಕೊನೆಯಲ್ಲಿ ಇದೇ ಸೀಮೆಯ ಒಂದು ತಾಲ್ಲೂಕಿನಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ನಮ್ಮ ತಲೆಯ ಮೇಲೂ ಇತ್ತು. ಶಿಬಿರಕ್ಕೆ ಬಂದ ಹೆಂಗಸೊಬ್ಬಳನ್ನು ಹೊರಗಾಗಿ ಎಷ್ಟು ದಿನವಾಯಿತೆಂದು ನರ್ಸಮ್ಮ ಕೇಳಿದರು. ಆಕೆ ತಲೆ ತಗ್ಗಿಸಿದಳು. ಗರ್ಭದ ಶಂಕೆಯಿಂದ ಆಕೆಯನ್ನು ಮರಳಿ ಕಳಿಸಲಾಯಿತು. ನನ್ನ ಪಟ್ಟಿಯಲ್ಲಿ ಒಂದು ಸಂಖ್ಯೆ ಕಡಿಮೆಯಾಯಿತೆಂದು ನಾನು ಪೇಚಾಡಿದೆ. ಆಕೆ ಯಾವ ಭಯವನ್ನು ಹೊತ್ತು ಬಂದಿದ್ದಳು, ಅದನ್ನೇ ಹೊತ್ತು ಯಾವ ಮನೆಗೆ ಹೋದಳು ಎಂದು ವಿಚಾರಿಸಲಿಲ್ಲ. ಸರ್ಕಾರ ಇಂಥ ಗುರಿಗಳನ್ನು 1996ರಲ್ಲಿ ಕೈಬಿಟ್ಟಿತು. ನನ್ನ ಮನಸ್ಸು ಆ ಬಾಗಿದ ತಲೆಯನ್ನು ಇನ್ನೂ ಕೈಬಿಟ್ಟಿಲ್ಲ.

ಅನುಪಮಾ ತಮ್ಮ ಕಾಯಿಲೆಯ ವಿಷಯದಲ್ಲಿಯೂ ಮುಚ್ಚುಮರೆ ಮಾಡಲಿಲ್ಲ. ಕ್ಯಾನ್ಸರ್ ಎಂಬ ಹೆಸರನ್ನು ಉಚ್ಚರಿಸಲೂ ಜನ ಹೆದರುತ್ತಿದ್ದಾಗ ಅದರ ಬಗ್ಗೆ ಬರೆದರು. ಆ ಕಾಯಿಲೆಯಿಂದಲೇ 1991ರ ಫೆಬ್ರುವರಿಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ಔಷಧಿ ಅಂಗಡಿಯಲ್ಲಿ ಪರೀಕ್ಷಾ ಪಟ್ಟಿ ಸುಲಭವಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಕೊಡುವ ವ್ಯವಸ್ಥೆಯೂ ಇದೆ. ಉತ್ತರ ಇಲ್ಲವೆಂದು ಬಂದು ಮುಟ್ಟೂ ಬಾರದಿದ್ದರೆ ವಾರದ ಬಳಿಕ ಮತ್ತೊಮ್ಮೆ ನೋಡಬೇಕು. ತಡವಾದದ್ದೆಲ್ಲ ಬಸಿರಲ್ಲ; ಪರೀಕ್ಷೆಯ ಒತ್ತಡ, ಅಪೌಷ್ಟಿಕತೆ, ಥೈರಾಯ್ಡ್ ತೊಂದರೆ, ಅಂಡಾಶಯದ ಏರುಪೇರುಗಳೂ ಕಾರಣವಾಗಬಹುದು. 2021ರ ತಿದ್ದುಪಡಿ, 2022ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಮದುವೆಯಾಗದವರಿಗೂ ಸುರಕ್ಷಿತ ಗರ್ಭಪಾತದ ದಾರಿ ವಿಸ್ತಾರವಾಗಿದೆ. ಗದಗದಲ್ಲಿಯೇ ಈಗ ವೈದ್ಯಕೀಯ ಕಾಲೇಜು ಇದೆ.

ಇಷ್ಟೆಲ್ಲ ಇದ್ದರೂ ಅಂಗಡಿಯವನು ಆ ಪಟ್ಟಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ, ಹುಡುಗಿ ಅತ್ತಿತ್ತ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಸೌಲಭ್ಯವನ್ನು ಸರ್ಕಾರ ಒದಗಿಸಬಹುದು. ಧೈರ್ಯವಾಗಿ ಕೇಳುವ ಮಾತನ್ನು ಮನೆಯೇ ಕಲಿಸಬೇಕು. ಅನುಪಮಾ ಆ ಪಾಠವನ್ನು ತಿಳಿಗನ್ನಡದಲ್ಲಿ ಬರೆದಿಟ್ಟು ಹೋಗಿದ್ದಾರೆ. ಹೆಣ್ಣುಮಕ್ಕಳು ಅದನ್ನು ಗುಟ್ಟಾಗಿ ಓದಿದರು. ಮನೆಯ ಗಂಡಸರು ಬಹಿರಂಗವಾಗಿ ಓದುವುದು ಇನ್ನೂ ಬಾಕಿಯಿದೆ.