ಚೇಳಿನ ವಿಷ ಮತ್ತು ಜಿ.ಎನ್. ರಾಮಚಂದ್ರನ್

ಬಸವಕಲ್ಯಾಣ, ಹುಮನಾಬಾದ್ ಕಡೆ ಚೇಳಿನ ಭಯ ಇಲ್ಲದವರಿಲ್ಲ. ದಖ್ಖನ್ ಸೀಮೆಯ ಕೆಂಪು ಚೇಳು ಕಡಿದರೆ ಮಕ್ಕಳ ಹೃದಯಕ್ಕೇ ಅಪಾಯ. ತಡಮಾಡದೆ ಆಸ್ಪತ್ರೆ ಸೇರಬೇಕು. ಅದರ ವಿಷದಲ್ಲಿ ಹಲವು ಪ್ರೋಟೀನು, ಪೆಪ್ಟೈಡುಗಳಿವೆ. ಅವುಗಳಲ್ಲಿ ಒಂದಾದ ಐಬೀರಿಯೋಟಾಕ್ಸಿನ್ 37 ಅಮೈನೋ ಆಮ್ಲಗಳ ಸರ. ಸರಿಯಾಗಿ ಮಡಚಿಕೊಂಡಾಗಲೇ ಅದು ಜೀವಕೋಶದ ಪೊಟ್ಯಾಸಿಯಂ ದಾರಿಯನ್ನು ಮುಚ್ಚಬಲ್ಲದು. ಇಂಥ ಸರಗಳು ಹೇಗೆ ಮಡಚಿಕೊಳ್ಳುತ್ತವೆ ಎಂದು ಓದುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು ಸಿ.ವಿ. ರಾಮನ್ ಅವರ ಶಿಷ್ಯರಾಗಿ ಭೌತಶಾಸ್ತ್ರಕ್ಕೆ ಹೊರಳಿದರು. 1954ರಲ್ಲಿ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಂದಿಗೆ, ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಮೂರೆಳೆಯ ಹುರಿಯಂತಿದೆ ಎಂದು ತೋರಿಸಿದರು. ಪೆಪ್ಟೈಡ್ ಸರ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನದಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂದು ಲೆಕ್ಕ ಹಾಕಿ, 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಅವರೊಂದಿಗೆ ಒಂದು ನಕ್ಷೆ ಪ್ರಕಟಿಸಿದರು. ಅದೇ ರಾಮಚಂದ್ರನ್ ನಕ್ಷೆ. 1971ರಲ್ಲಿ ತಾವು ಓದಿದ ಸಂಸ್ಥೆಯಲ್ಲೇ ಅಣು ಜೀವಭೌತ ವಿಭಾಗ ಕಟ್ಟಿದರು. 2001ರ ಏಪ್ರಿಲ್ 7ರಂದು ತೀರಿಕೊಂಡರು.

ಅವರು ಚೇಳಿನ ವಿಷವನ್ನು ಅಭ್ಯಾಸ ಮಾಡಿದವರಲ್ಲ. ಆದರೂ ಇಂದು ವಿಷದ ಪೆಪ್ಟೈಡಿನ ಆಕಾರ ಕಂಡುಹಿಡಿದವರು ಅದು ಸರಿಯೇ ಎಂದು ಆ ನಕ್ಷೆಗೆ ಹಿಡಿದು ನೋಡುತ್ತಾರೆ. ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ ಬೇರೆ ಬೇರೆ ಎಂದುಕೊಂಡಿರುವ ನಮ್ಮ ತರಗತಿಯವರು ಅವರ ಬಾಳನ್ನು ಓದಲೇಬೇಕು.