ನಾಲ್ಕು ಗಂಟೆಯ ಅಲಾರಾಂ

ಬಿಇ ಓದುತ್ತಿರುವ ನನಗೆ ಸಂತರ ಚರಿತ್ರೆಗಿಂತ ಪ್ರಯೋಗಗಳ ಕಥೆಯೇ ಹೆಚ್ಚು ಇಷ್ಟ. ಜಾನ್ ವೆಸ್ಲಿ ನನಗೆ ಹಿಡಿಸಿದ್ದು ಅದಕ್ಕೇ. ದಿನವೂ ಪ್ರಾರ್ಥಿಸುವ ಅಭ್ಯಾಸವನ್ನು ಈ ಇಂಗ್ಲಿಷ್ ಪಾದ್ರಿ ಪ್ರಯೋಗ ಮಾಡಿದಂತೆಯೇ ಕಟ್ಟಿಕೊಂಡರು.

ಹುಟ್ಟಿದ್ದು 1703ರಲ್ಲಿ, ಎಪ್‌ವರ್ತ್ ಎಂಬ ಊರಿನಲ್ಲಿ. ಐದು ವರ್ಷದವರಿದ್ದಾಗ ಮನೆಗೆ ಬೆಂಕಿ ಬಿತ್ತು. ಮಹಡಿಯ ಕಿಟಕಿಯಿಂದ ಅವರನ್ನು ಎತ್ತಿ ಉಳಿಸಿದರು. ಮುಂದೆ ಓದಿದ್ದು ಆಕ್ಸ್‌ಫರ್ಡ್‌ನಲ್ಲಿ.

ತರುಣ ವೆಸ್ಲಿಗೆ ರಾತ್ರಿ ನಡುವೆ ಎಚ್ಚರವಾಗುತ್ತಿತ್ತು. ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಲಗುತ್ತಿದ್ದೇನೆ ಎಂದುಕೊಂಡು ಅಲಾರಾಂ ಗಡಿಯಾರ ತಂದರು. ಮೊದಲ ದಿನ ಏಳಕ್ಕೆ ಎದ್ದರು, ರಾತ್ರಿ ಮತ್ತೆ ಎಚ್ಚರ. ಮರುದಿನ ಆರಕ್ಕೆ, ಮೂರನೇ ದಿನ ಐದಕ್ಕೆ. ಆಗಲೂ ಅದೇ ಕಥೆ. ನಾಲ್ಕನೇ ದಿನ ನಾಲ್ಕಕ್ಕೆ ಎದ್ದರು. ಆ ರಾತ್ರಿ ಒಂದೇ ನಿದ್ದೆ! ಅಲ್ಲಿಂದ ಮುಂದೆ ನಾಲ್ಕು ಗಂಟೆಯೇ ಕಾಯಂ ಆಯಿತು. ನಿದ್ದೆಗೆಟ್ಟು ಮಾಡಿದ ಸಾಹಸ ಇದಲ್ಲ; ಬೇಗ ಮಲಗಿ, ಉಳಿದ ಹೊತ್ತನ್ನು ಪ್ರಾರ್ಥನೆಗೆ ಕೊಟ್ಟರು. ದಿನದ ಗಂಟೆಗಂಟೆಯ ಲೆಕ್ಕವನ್ನು ಸಂಕೇತಲಿಪಿಯಲ್ಲಿ ಡೈರಿಗೆ ಬರೆದಿಡುತ್ತಿದ್ದರು.

ಆಕ್ಸ್‌ಫರ್ಡ್‌ನಲ್ಲಿ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರ ಜೊತೆ ಸೇರಿ ಓದುವುದು, ಪ್ರಾರ್ಥಿಸುವುದು, ಬುಧವಾರ ಮತ್ತು ಶುಕ್ರವಾರ ಉಪವಾಸ, ಜೈಲಿನ ಕೈದಿಗಳ ಭೇಟಿ ನಡೆಯುತ್ತಿದ್ದವು. ಎಲ್ಲದಕ್ಕೂ ಕ್ರಮ ಇಟ್ಟುಕೊಂಡವರು ಎಂದು ಸಹಪಾಠಿಗಳು ಲೇವಡಿ ಮಾಡಿ ‘ಮೆಥಡಿಸ್ಟರು’ ಎಂದು ಕರೆದರು. ಲೇವಡಿಯ ಹೆಸರೇ ಮುಂದೆ ಒಂದು ದೊಡ್ಡ ಪಂಥದ ಹೆಸರಾಯಿತು.

ಇಷ್ಟೆಲ್ಲ ಮಾಡಿದ ಮೇಲೆ ಮನಸ್ಸಿಗೆ ಶಾಂತಿ ಸಿಕ್ಕಿರಬೇಕಲ್ಲವೇ? ಇಲ್ಲ. 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಜರ್ಮನಿಯ ಮೊರೇವಿಯನ್ ಕ್ರೈಸ್ತರು ನೆಮ್ಮದಿಯಿಂದ ಹಾಡುತ್ತಿದ್ದರು, ವೆಸ್ಲಿ ಸಾವಿಗೆ ಹೆದರಿದ್ದರು. ಜಾರ್ಜಿಯಾದ ಕೆಲಸವೂ ಕೈಹಿಡಿಯಲಿಲ್ಲ. ಜಗಳ, ಕೋರ್ಟು, ಕೊನೆಗೆ ವಾಪಸ್ ಪ್ರಯಾಣ. ತನಗೇ ನಂಬಿಕೆಯಿಲ್ಲ, ಇನ್ನೊಬ್ಬರಿಗೆ ಬೋಧಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಬೋಧನೆ ನಿಲ್ಲಿಸಿಬಿಡುವ ಯೋಚನೆಯೂ ಬಂತು. ಪೀಟರ್ ಬೋಲರ್ ಎಂಬ ಮೊರೇವಿಯನ್ ಗೆಳೆಯ ಬೇಡವೆಂದರು. ವೆಸ್ಲಿ ನಿಲ್ಲಿಸಲಿಲ್ಲ.

1738ರ ಮೇ 24. ಅಂದೂ ಬೆಳಿಗ್ಗೆ ಐದರ ಸುಮಾರಿಗೆ ಬೈಬಲ್ ತೆರೆದಿದ್ದರು. ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಲೂಥರ್ ಬರಹವೊಂದನ್ನು ಓದುತ್ತಿದ್ದಾಗ, ವರ್ಷಗಟ್ಟಲೆ ಹುಡುಕಿದ ಭರವಸೆ ಎದೆಗಿಳಿಯಿತು.

ಆಮೇಲೂ ಅನುಮಾನದ ದಿನಗಳು ಬಂದವು, ದಿನಚರಿ ಬದಲಾಗಲಿಲ್ಲ. ಐವತ್ತು ವರ್ಷ ಊರೂರು ಸುತ್ತಿದರು, ಬಹುಪಾಲು ಕುದುರೆಯ ಮೇಲೆ. 1791ರಲ್ಲಿ ತೀರಿಕೊಂಡಾಗ 87 ವರ್ಷ. ಲಂಡನ್ನಿನ ಸಿಟಿ ರೋಡ್‌ನ ಅವರ ಮನೆಯಲ್ಲಿ ಪ್ರಾರ್ಥನೆಗೆಂದೇ ಇದ್ದ ಪುಟ್ಟ ಕೋಣೆ ಈಗಲೂ ಇದೆ. ವೆಸ್ಲಿ ಭಾರತಕ್ಕೆ ಬರಲಿಲ್ಲ. ಅವರ ಹಾದಿಯವರು ಬಂದು ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ ನಡೆಸಿದರು.

ಮನಸ್ಸು ಬಂದಾಗ ಕೂರೋಣ ಎನ್ನುತ್ತೇವೆ ನಾವು, ಓದಿಗಾದರೂ ಪ್ರಾರ್ಥನೆಗಾದರೂ. ವೆಸ್ಲಿ ಮೊದಲು ಕೂತರು, ಮನಸ್ಸು ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೆಲಸ ಸಿಗುವವರೆಗೆ ಕಾಯುತ್ತಿರುವ ಗೆಳೆಯರಿಗೆ ನಾನು ಹೇಳುವುದು ಈ ಹತ್ತು ವರ್ಷದ ಕಥೆಯನ್ನೇ.