ಏಕಾಂತದ ರಾಮಯ್ಯನವರ ಸಿಟ್ಟು

ಮಠಕ್ಕೆ ಬಂದು ಮನದ ವ್ಯಥೆ ಹೇಳಿಕೊಳ್ಳುವವರಲ್ಲಿ ನಾವು ಎರಡು ಬಗೆಯವರನ್ನು ಕಂಡಿದ್ದೇವೆ. ಒಬ್ಬನಿಗೆ ಅಣ್ಣನ ಮೇಲೆ ಸಿಟ್ಟು. ಅದಕ್ಕೆ ಕಾರಣವುಂಟು, ಗುರಿಯುಂಟು, ಹುಟ್ಟಿದ ಗಳಿಗೆಯೂ ನೆನಪುಂಟು. ಇನ್ನೊಬ್ಬನಿಗೆ ಏಕೋ ಬೇಸರ. ಲಿಂಗಪೂಜೆಗೆ ಕುಳಿತರೆ ಮನ ನಿಲ್ಲದು. ಯಾತಕ್ಕಪ್ಪಾ ಎಂದರೆ ಉತ್ತರವಿಲ್ಲ. ಮೊದಲನೆಯದು ಸಿಡಿಲು, ಎರಡನೆಯದು ವಾರಗಟ್ಟಲೆ ಕವಿದ ಮೋಡ. ಎರಡಕ್ಕೂ ಒಂದೇ ಉಪದೇಶ ನಾಟದು. ಇದನ್ನು ನೆನೆದಾಗಲೆಲ್ಲ ಹಿರೇಕೆರೂರು ತಾಲೂಕಿನ ಅಬಲೂರು ನಮ್ಮ ಕಣ್ಮುಂದೆ ಬರುತ್ತದೆ.

12ನೆಯ ಶತಮಾನದ ಶರಣ ರಾಮಯ್ಯನವರು ಆಳಂದದ ಪುರುಷೋತ್ತಮಭಟ್ಟ, ಪದ್ಮಾಂಬಿಕೆ ದಂಪತಿಗಳ ಮಗ. ಶಿವನೊಬ್ಬನಲ್ಲಿಯೇ ಏಕಾಂತವಾಗಿ ನೆಟ್ಟ ಭಕ್ತಿಯಿಂದ ಅವರಿಗೆ ಆ ಹೆಸರು ಬಂದಿತು. ಹುಲಿಗೆರೆಯ, ಅಂದರೆ ಲಕ್ಷ್ಮೇಶ್ವರದ, ಸೋಮನಾಥನ ಸನ್ನಿಧಿಯಿಂದ ಅವರು ಅಬಲೂರಿನ ಬ್ರಹ್ಮೇಶ್ವರಕ್ಕೆ ಬಂದರು. ಈ ಏಕಾಂತವು ಯಾವುದೋ ಒಂದು ಗಳಿಗೆಯ ಆವೇಶವಲ್ಲ. ಎದ್ದಾಗ ಕುಳಿತಾಗ ಇದ್ದ ಮನದ ಹದ.

ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ. ಅದು ಹೇಳುವಂತೆ, ಸಂಕಗಾವುಂಡನ ಮುಂದಾಳುತನದಲ್ಲಿ ಜೈನರು ಶಿವನ ಸನ್ನಿಧಿಯಲ್ಲಿಯೇ ಜಿನನನ್ನು ಹೊಗಳಲು ರಾಮಯ್ಯನವರು ಕೆರಳಿದರು. ಸಿಟ್ಟು ಬಂದಿತು ನಿಜ, ಆದರೆ ಅವರು ಕೈ ಎತ್ತಲಿಲ್ಲ. ಪಣದ ಮಾತನ್ನು ಓಲೆಯಲ್ಲಿ ಬರೆಯಿಸಿಕೊಂಡರು. ತಮ್ಮ ಶಿರವನ್ನೇ ಅರಿದು ಶಿವನಿಗರ್ಪಿಸಿ, ಏಳು ದಿನದ ಮೇಲೆ ಅದನ್ನು ಕಲೆಯಿಲ್ಲದಂತೆ ಮರಳಿ ಪಡೆದರೆಂದು ಶಾಸನವು ಸಾರುತ್ತದೆ. ಸಿಟ್ಟಿನ ಬಾಯಿಗೆ ಓಲೆ, ಗಡುವುಗಳ ಕಡಿವಾಣ! ಅದು ಆ ಏಕಾಂತದ ಬಲವೆಂದೇ ನಾವು ತಿಳಿಯುತ್ತೇವೆ.

ಮುಂದಿನದು ನಮಗೆ ಕಠಿಣ. ಎದುರಾಳಿಗಳು ಬೇಡವೆಂದು ಅಂಗಲಾಚಿದರೂ ಜಿನಬಿಂಬವು ಒಡೆಯಿತು. ದೂರು ಬಿಜ್ಜಳನಿಗೆ ಹೋಯಿತು. ಓಲೆಯನ್ನು ಮುಂದಿಟ್ಟ ರಾಮಯ್ಯನವರು ಮತ್ತೊಮ್ಮೆ ಪಣಕ್ಕೆ ಸಿದ್ಧರಾದರು, ಎದುರಿನವರು ಒಪ್ಪಲಿಲ್ಲ. ಬಿಜ್ಜಳ ಜಯಪತ್ರವನ್ನು ಕೊಟ್ಟ. ಪಣದ ಪ್ರಕಾರ ನ್ಯಾಯವೇ ಇರಬಹುದು. ಶರಣರನ್ನು ತೂಗಲು ನಾವಾರು? ಆದರೂ ಗೆದ್ದ ಮೇಲೆ ಸಿಟ್ಟಿಗೆ ಏನು ಕೆಲಸವಿತ್ತೆಂದು ಮನ ಕೇಳುತ್ತದೆ. ಕಾರಣ ಕಳೆದರೂ ಉಳಿದ ಸಿಟ್ಟು ಆಮೇಲೆ ಮೋಡದಂತೆ ಕವಿದುಕೊಳ್ಳುತ್ತದೆ. ನೆರೆಯ ಜೈನ ಬಂಧುಗಳ ಮುಂದೆ ಈ ಕಥೆಯನ್ನು ಬೀಗಿ ಹೇಳುವವರನ್ನು ನಾವು ತಡೆಯುತ್ತಲೇ ಬಂದಿದ್ದೇವೆ.

ಹೊಲದ ಬದುವಿಗಾಗಿ ಅಣ್ಣನೊಡನೆ ಮಾತುಬಿಟ್ಟ ಭಕ್ತನೊಬ್ಬ ಒಮ್ಮೆ ಇದೇ ಕಥೆಯನ್ನು ಹಿಡಿದು ವಾದಕ್ಕೆ ಬಂದ. ಬದು ಯಾರದಾಯಿತೆಂದು ಕೇಳಿದೆವು. ಹನ್ನೊಂದು ವರ್ಷದ ಹಿಂದೆಯೇ ತನಗೆ ತೀರ್ಪಾಗಿದೆ ಎಂದ. ಮತ್ತೆ ಸಿಟ್ಟು ಯಾತರದು ಎಂದೆವು. ಬಹಳ ಹೊತ್ತು ಸುಮ್ಮನಿದ್ದು, ಗೊತ್ತಿಲ್ಲ ಬುದ್ಧೀ ಎಂದ. ಅಂದು ಪ್ರಸಾದಕ್ಕೆ ನಿಲ್ಲಿಸಿಕೊಂಡೆವು. ಅವನ ಅಣ್ಣನಿಗೂ ಹೇಳಿಕಳಿಸಿದೆವು.